ಅಮೆರಿಕದ ಕಪ್ಪು ಮಹಿಳೆಯರ ಹೊಸ ಉದ್ಯಮಕ್ಕೆ ದುಡ್ಡು: ಯಾವ ಬಾಗಿಲನ್ನು ಮೊದಲು ತಟ್ಟಬೇಕು?

ಅಮೆರಿಕದಲ್ಲಿ ಸ್ವಂತ ಉದ್ಯಮ ಶುರು ಮಾಡಲು ಹೊರಟ ಆಫ್ರಿಕನ್-ಅಮೆರಿಕನ್ ಮಹಿಳೆ ಸಾಮಾನ್ಯವಾಗಿ ಇಂಟರ್ನೆಟ್ಟಿನಲ್ಲಿ ಮೊದಲು ಹುಡುಕುವುದು ಗ್ರಾಂಟ್, ಅಂದರೆ ತೀರಿಸಬೇಕಿಲ್ಲದ ಅನುದಾನ. ಉದ್ದುದ್ದ ಪಟ್ಟಿಗಳೇನೋ ಸಿಗುತ್ತವೆ. ಒಂದೊಂದೇ ತೆರೆದು ನೋಡಿದರೆ ಎಷ್ಟೋ ಯೋಜನೆಗಳು ಮುಚ್ಚಿಹೋಗಿರುತ್ತವೆ, ಕೆಲವು ಕೋರ್ಟು ಮೆಟ್ಟಿಲು ಹತ್ತಿವೆ, ಇನ್ನು ಕೆಲವು ಶುದ್ಧ ಮೋಸ. ಹಾಗಾಗಿ ನಾನು ಹೇಳುವ ಕ್ರಮ ತಿರುಗುಮುರುಗು. ಅನುದಾನವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಪುಕ್ಕಟೆ ಸಲಹೆ, ಆಮೇಲೆ ಕಾಗದಪತ್ರ, ಆಮೇಲೆ ಸಣ್ಣ ಸಾಲ. ಇಷ್ಟು ಕೈಯಲ್ಲಿದ್ದವರ ಅರ್ಜಿಯನ್ನು ಅನುದಾನ ಕೊಡುವವರೂ ಗಮನವಿಟ್ಟು ಓದುತ್ತಾರೆ.

ಅಮೆರಿಕದಲ್ಲಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಸಹೋದ್ಯೋಗಿ, ಪಕ್ಕದ ಮನೆಯಾಕೆ, ಮಕ್ಕಳ ಶಾಲೆಯಲ್ಲಿ ಪರಿಚಯವಾದ ತಾಯಿ, ಕೆಲವರ ಮನೆಯಲ್ಲಿ ಸೊಸೆಯೇ ಈ ದಾರಿಯಲ್ಲಿರಬಹುದು. ನಮ್ಮವರಲ್ಲಿ ಲೆಕ್ಕಪತ್ರ ಬಲ್ಲವರಿಗೆ, ಸ್ಪ್ರೆಡ್‌ಶೀಟ್ ಕಂಡರೆ ಹಿಗ್ಗುವವರಿಗೆ ಬರವಿಲ್ಲ. ಆ ಗೆಳತಿಯ ಪಕ್ಕ ಕೂತು ಒಂದು ಶನಿವಾರ ಕೊಟ್ಟರೆ ಬಹಳ ಕೆಲಸವಾಗುತ್ತದೆ. ಮಾತು ಗಾಳಿಯಲ್ಲಿ ಹೋಗಬಾರದೆಂದು ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ: ಅಟ್ಲಾಂಟಾದ ಮಹಿಳೆ, ಗುಂಗುರು ಕೂದಲಿಗೆ ಹಚ್ಚುವ ಕ್ರೀಮನ್ನು ಮನೆಯಲ್ಲೇ ತಯಾರಿಸಿ ವಾರಾಂತ್ಯದ ಸಂತೆಯಲ್ಲಿ ಮಾರುತ್ತಾಳೆ. ಸ್ವಲ್ಪ ದೊಡ್ಡದಾಗಿ ಮಾಡಲು 30,000 ಡಾಲರ್ ಬೇಕು.

ಬ್ಯಾಂಕಿಗೆ ನೇರವಾಗಿ ಯಾಕೆ ಹೋಗಬಾರದು

ಹೋಗಬಾರದೆಂದೇನಿಲ್ಲ, ಬರಿಗೈಯಲ್ಲಿ ವಾಪಸ್ ಬರುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ ಹೊಸ ಉದ್ಯಮಕ್ಕೆ ಬೀಳುವ ಮೊದಲ ದುಡ್ಡು ಬ್ಯಾಂಕಿನದಾಗಿರುವುದು ಕಡಿಮೆ. ಸ್ವಂತ ಉಳಿತಾಯ, ಅಪ್ಪ-ಅಮ್ಮ ಕೊಟ್ಟದ್ದು, ಮನೆಯ ಮೇಲೆ ಎತ್ತಿದ ಸಾಲ, ಇವೇ ಮೊದಲ ಬಂಡವಾಳ. ಕಪ್ಪು ಕುಟುಂಬಗಳಿಗೆ ತಪ್ಪಿಹೋದದ್ದು ಇದೇ. ಬಿಡುಗಡೆ ಹೊಂದಿದ ಗುಲಾಮರಿಗಾಗಿ 1865ರಲ್ಲಿ ಸ್ಥಾಪಿಸಿದ ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕ್ 1874ರಲ್ಲಿ ಮುಳುಗಿ ಠೇವಣಿದಾರರ ಉಳಿತಾಯ ಕರಗಿಹೋಯಿತು. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ನಗರಗಳ ನಕ್ಷೆ ಬರೆದು ಕಪ್ಪು ಜನರ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಕೆಂಪು ಎಂದರೆ ಸಾಲ ಕೊಡುವುದು ಅಪಾಯ ಎಂದು. ಮನೆ ಕೊಳ್ಳಲಾಗದ ಅಜ್ಜಿಯ ಮೊಮ್ಮಗಳಿಗೆ ಅಡವಿಡಲು ಮನೆ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ಹೆಣ್ಣು ಎಂಬ ತಡೆ ಬೇರೆ. 1988ರಲ್ಲಿ ಮಹಿಳಾ ಉದ್ಯಮ ಮಾಲೀಕತ್ವ ಕಾಯ್ದೆ ಬರುವವರೆಗೂ ಕೆಲವು ರಾಜ್ಯಗಳಲ್ಲಿ ಉದ್ಯಮ ಸಾಲ ಬೇಕೆಂದರೆ ಗಂಡನೋ ತಂದೆಯೋ ಅಣ್ಣನೋ ಜೊತೆಗೆ ಸಹಿ ಹಾಕಬೇಕಿತ್ತು.

ಆದ್ದರಿಂದ ಮನೆಯವರ ದುಡ್ಡಿನ ಜಾಗವನ್ನು ಬೇರೆ ಯಾವುದೋ ಹಣ ತುಂಬಬೇಕು. ಮುಂದೆ ಹೇಳುವುದೆಲ್ಲ ಆ ಹಣದ ಹುಡುಕಾಟ.

ಮೊದಲ ಹೆಜ್ಜೆ: ಪುಕ್ಕಟೆ ಸಲಹೆಗಾರರನ್ನು ಹಿಡಿಯಿರಿ

ಅಮೆರಿಕದ ಸಣ್ಣ ಉದ್ಯಮ ಆಡಳಿತ ಸಂಸ್ಥೆಯನ್ನು ಎಲ್ಲರೂ ಎಸ್‌ಬಿಎ ಎನ್ನುತ್ತಾರೆ. ಅದರ ಬೆಂಬಲದಲ್ಲಿ ಮೂರು ಬಗೆಯ ನೆರವು ಕೇಂದ್ರಗಳಿವೆ. ಸ್ಕೋರ್ ಎಂಬುದು 1964ರಿಂದ ನಡೆಯುತ್ತಿರುವ ಸ್ವಯಂಸೇವಕರ ಜಾಲ. ನಿವೃತ್ತರಾದ, ಇನ್ನೂ ಕೆಲಸದಲ್ಲಿರುವ ವ್ಯಾಪಾರಸ್ಥರು ಒಂದು ಪೈಸೆ ತೆಗೆದುಕೊಳ್ಳದೆ ಸಲಹೆ ಕೊಡುತ್ತಾರೆ. ಎರಡನೆಯದು ಸಣ್ಣ ಉದ್ಯಮ ಅಭಿವೃದ್ಧಿ ಕೇಂದ್ರಗಳು, ಬಹುಮಟ್ಟಿಗೆ ವಿಶ್ವವಿದ್ಯಾಲಯಗಳ ಆಶ್ರಯದಲ್ಲಿವೆ. ಮೂರನೆಯದು ವಿಮೆನ್ಸ್ ಬಿಸಿನೆಸ್ ಸೆಂಟರ್‌ಗಳು, ಆ 1988ರ ಕಾಯ್ದೆಯಿಂದಲೇ ಹುಟ್ಟಿದವು. ಎಸ್‌ಬಿಎ ಜಾಲತಾಣದಲ್ಲಿ ಪಿನ್‌ಕೋಡ್ ಹಾಕಿದರೆ ಹತ್ತಿರದ ಮೂರೂ ಕಾಣುತ್ತವೆ.

ನನ್ನನ್ನು ಕೇಳಿದರೆ ಮೊದಲು ಹೋಗಬೇಕಾದ್ದು ಮಹಿಳಾ ಕೇಂದ್ರಕ್ಕೆ. ಕೆಲವು ಕೇಂದ್ರಗಳನ್ನು ನಡೆಸುವವರೇ ಸಾಲವನ್ನೂ ಕೊಡುತ್ತಾರೆ. ಜಾರ್ಜಿಯಾದಲ್ಲಿ ಎಸಿಇ ಎಂಬ ಲಾಭೋದ್ದೇಶವಿಲ್ಲದ ಸಾಲ ಸಂಸ್ಥೆ ಹಾಗೆ ಎರಡನ್ನೂ ಒಟ್ಟಿಗೆ ಮಾಡುತ್ತದೆ. ಅರ್ಜಿ ಯಾಕೆ ಬಿದ್ದುಹೋಗುತ್ತದೆ ಎಂಬುದು ಅರ್ಜಿ ಓದುವವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಟ್ಲಾಂಟಾದಲ್ಲಿ ಇದಲ್ಲದೆ ಹರ್ಮನ್ ರಸೆಲ್ ಹೆಸರಿನ ಉದ್ಯಮ ಕೇಂದ್ರವಿದೆ. ಸ್ಪೆಲ್‌ಮನ್ ಮತ್ತು ಮೋರ್‌ಹೌಸ್ ಕಾಲೇಜುಗಳು ಸೇರಿ ಕಟ್ಟಿದ ಸೆಂಟರ್ ಫಾರ್ ಬ್ಲ್ಯಾಕ್ ಆಂತ್ರಪ್ರನರ್‌ಶಿಪ್ ಇದೆ. ಬೇರೆ ಊರಿನವರು ತಮ್ಮ ಹತ್ತಿರದ ಐತಿಹಾಸಿಕ ಕಪ್ಪು ಕಾಲೇಜಿನಲ್ಲಿ, ಅಂದರೆ ಕಪ್ಪು ವಿದ್ಯಾರ್ಥಿಗಳಿಗೆಂದೇ ಹುಟ್ಟಿದ ಹಳೆಯ ಕಾಲೇಜಿನಲ್ಲಿ, ವಿಚಾರಿಸಬಹುದು.

ಸಲಹೆಗಾರರು ಎಲ್ಲರೂ ಒಂದೇ ತರಹ ಇರುವುದಿಲ್ಲ. ಗುಂಗುರು ಕೂದಲಿನ ಕ್ರೀಮಿಗೆ ಮಾರುಕಟ್ಟೆ ಎಲ್ಲಿದೆ ಎಂದು ಮುಖ ಸಿಂಡರಿಸುವವರು ಸಿಕ್ಕರೆ ವಾದಕ್ಕೆ ನಿಲ್ಲದೆ ಇನ್ನೊಬ್ಬರನ್ನು ಕೇಳಿ. ಬದಲಾಯಿಸಿಕೊಡಿ ಎನ್ನಲು ಸಂಕೋಚ ಬೇಡ.

ಎರಡನೆಯ ಹೆಜ್ಜೆ: ಕಾಗದಪತ್ರ

ಬೇಸರದ ಕೆಲಸ, ಆದರೆ ಅರ್ಜಿಗಳು ಸೋಲುವುದು ಹೆಚ್ಚಾಗಿ ಇಲ್ಲಿ.

ಎಲ್‌ಎಲ್‌ಸಿ, ಅಂದರೆ ಮಾಲೀಕರ ಹೊಣೆಗೆ ಮಿತಿಯಿರುವ ಸಣ್ಣ ಕಂಪನಿಯ ನೋಂದಣಿ ರಾಜ್ಯ ಸರ್ಕಾರದ ಜಾಲತಾಣದಲ್ಲಿ ನೇರವಾಗಿ ಆಗುತ್ತದೆ. ಜಾರ್ಜಿಯಾದಲ್ಲಿ ಶುಲ್ಕ ಸುಮಾರು 100 ಡಾಲರ್. ಕ್ಯಾಲಿಫೋರ್ನಿಯಾದಲ್ಲಾದರೆ ನೋಂದಣಿ ಅಗ್ಗ, ಆದರೆ ವರ್ಷಕ್ಕೆ ಕನಿಷ್ಠ 800 ಡಾಲರ್ ತೆರಿಗೆ ಕಾದಿರುತ್ತದೆ. ಗೊತ್ತಿಲ್ಲದೆ ಮಾಡಿಸಿಕೊಂಡವರು ಆಮೇಲೆ ತಲೆ ಮೇಲೆ ಕೈ ಹೊತ್ತು ಕೂರುತ್ತಾರೆ. ಉದ್ಯಮದ ತೆರಿಗೆ ಸಂಖ್ಯೆಯಾದ ಇಐಎನ್ ಅನ್ನು ಫೆಡರಲ್ ತೆರಿಗೆ ಇಲಾಖೆಯಾದ ಐಆರ್‌ಎಸ್ ಉಚಿತವಾಗಿ ಕೊಡುತ್ತದೆ. ಇದಕ್ಕೆ ದುಡ್ಡು ಕೇಳುವ ಜಾಲತಾಣಗಳು ಹುಡುಕಾಟದಲ್ಲಿ ಮೇಲೆಯೇ ಕಾಣಿಸುತ್ತವೆ, ಅವುಗಳ ಹತ್ತಿರ ಸುಳಿಯಬೇಡಿ. ಆ ಸಂಖ್ಯೆ ಬಂದ ದಿನವೇ ಉದ್ಯಮದ ಹೆಸರಿನಲ್ಲಿ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಸಂತೆಯ ವಸೂಲಿಯೂ ಮನೆಯ ದಿನಸಿ ಬಿಲ್ಲೂ ಒಂದೇ ಖಾತೆಯಲ್ಲಿ ಓಡಾಡುತ್ತಿದ್ದರೆ ಸಾಲ ಕೊಡುವವರಿಗೆ ವ್ಯಾಪಾರ ಕಾಣುವುದೇ ಇಲ್ಲ.

ಸಾಲ ತೀರಿಸುವ ನಂಬಿಕೆಯನ್ನು ಅಳೆಯುವ ಕ್ರೆಡಿಟ್ ಸ್ಕೋರ್ 300ರಿಂದ 850ರ ನಡುವೆ ಇರುತ್ತದೆ. ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಲ್ಲಿ ಸಾಲದ ದಾಖಲೆ ಇಡುವ ಮೂರೂ ಕ್ರೆಡಿಟ್ ಬ್ಯೂರೋಗಳ ವರದಿಯನ್ನು ವಾರಕ್ಕೊಮ್ಮೆ ಬೇಕಾದರೂ ಪುಕ್ಕಟೆ ತೆಗೆಯಬಹುದು. ವರದಿಯಲ್ಲಿ ತಪ್ಪುಗಳಿರುವುದು ಅಪರೂಪವೇನಲ್ಲ. ಎಂದೋ ತೀರಿಸಿದ ಆಸ್ಪತ್ರೆ ಬಿಲ್ಲು ಬಾಕಿ ಎಂದು ನಿಂತಿರುತ್ತದೆ. ಬರವಣಿಗೆಯಲ್ಲಿ ತಕರಾರು ಹಾಕಿದರೆ ಬ್ಯೂರೋ ವಿಚಾರಿಸಲೇಬೇಕು.

ಇನ್ನು ತೆರಿಗೆ ಪತ್ರ. ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ವಂತ ವ್ಯಾಪಾರದವರು ವರ್ಷದ ಕೊನೆಗೆ ಷೆಡ್ಯೂಲ್ ಸಿ ಎಂಬ ಲಾಭ-ನಷ್ಟದ ತೆರಿಗೆ ನಮೂನೆ ತುಂಬುವಾಗ ಸಿಕ್ಕಿದ ಖರ್ಚನ್ನೆಲ್ಲ ಸೇರಿಸಿ ಲಾಭವನ್ನು ಸೊನ್ನೆಗೆ ತಂದು ನಿಲ್ಲಿಸುತ್ತಾರೆ. ತೆರಿಗೆ ಉಳಿಯಿತು ಎಂಬ ಖುಷಿ. ಆರು ತಿಂಗಳ ನಂತರ ಸಾಲಕ್ಕೆ ಹೋದಾಗ ಅದೇ ಹಾಳೆಯನ್ನು ಎದುರಿಗಿಟ್ಟು, ‘ನಿಮಗೆ ಆದಾಯವೇ ಇಲ್ಲವಲ್ಲ, ಕಂತು ಯಾವುದರಲ್ಲಿ ಕಟ್ಟುತ್ತೀರಿ?’ ಎನ್ನುತ್ತಾರೆ. ಸಂತೆಯಲ್ಲಿ ಬಂದ ನಗದನ್ನು ಬರೆಯದೇ ಬಿಟ್ಟರೂ ಕಥೆ ಅದೇ, ಮೇಲಾಗಿ ಅದು ಕಾನೂನಿಗೆ ವಿರುದ್ಧ. ಮುಂದಿನ ವರ್ಷ ಸಾಲ ಬೇಕೆಂದಿದ್ದರೆ ಈ ವರ್ಷ ನ್ಯಾಯವಾದ ಲಾಭ ತೋರಿಸಿ ತೆರಿಗೆ ಕಟ್ಟುವುದೇ ಲೇಸು.

ಕೊನೆಯದಾಗಿ ಎರಡು ಹಾಳೆ. ಒಂದರಲ್ಲಿ ಮುಂದಿನ 12 ತಿಂಗಳ ಒಳಹರಿವು, ಹೊರಹರಿವು. ಇನ್ನೊಂದರಲ್ಲಿ 30,000 ಡಾಲರ್ ಎಲ್ಲೆಲ್ಲಿ ಖರ್ಚಾಗುತ್ತದೆ ಎಂಬ ವಿಂಗಡಣೆ: ತುಂಬುವ ಯಂತ್ರಕ್ಕೆ ಎಷ್ಟು, ಕಚ್ಚಾ ಪದಾರ್ಥಕ್ಕೆ ಎಷ್ಟು, ಡಬ್ಬಿ-ಲೇಬಲ್ಲಿಗೆ, ವಿಮೆಗೆ ಎಷ್ಟು. ಯಂತ್ರದ ಬೆಲೆಪಟ್ಟಿ ಲಗತ್ತಿಸಿದರೆ ಇನ್ನೂ ಒಳ್ಳೆಯದು. ನಮ್ಮ ಸ್ಪ್ರೆಡ್‌ಶೀಟ್ ಪ್ರಿಯರು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಮೂರನೆಯ ಹೆಜ್ಜೆ: ಸಣ್ಣ ಸಾಲ

ನನ್ನ ಲೆಕ್ಕದಲ್ಲಿ ಇಡೀ ದಾರಿಯಲ್ಲಿ ಮುಖ್ಯವಾದದ್ದು ಇದು. ನಾಲ್ಕು ಕಡೆ ನೋಡಬಹುದು.

ಮೊದಲನೆಯದು ಕೀವಾ, ಜಾಲತಾಣದ ಮೂಲಕ ಜನರಿಂದ ಸಿಗುವ ಬಡ್ಡಿಯಿಲ್ಲದ ಸಾಲ. ಅಮೆರಿಕದೊಳಗೆ 15,000 ಡಾಲರ್‌ವರೆಗೆ, ತೀರಿಸಲು ಮೂರು ವರ್ಷದವರೆಗೆ ಅವಕಾಶ. ಕನಿಷ್ಠ ಕ್ರೆಡಿಟ್ ಸ್ಕೋರ್ ಇರಲೇಬೇಕೆಂಬ ನಿಯಮವಿಲ್ಲ. ದುಡ್ಡು ಹಾಕುವವರು ಸಾಮಾನ್ಯ ಜನ, ತಲಾ 25 ಡಾಲರ್‌ನಿಂದ. ಆದರೆ ಅಪರಿಚಿತರ ಮುಂದೆ ಬರುವ ಮೊದಲು ಆಕೆಯ ಪರಿಚಯದವರೇ ಒಂದಷ್ಟು ಮಂದಿ ಸಾಲ ಹಾಕಿ ತೋರಿಸಬೇಕು. ಅಡಮಾನದ ಬದಲಿಗೆ ಇವರು ನೋಡುವುದು ಆ ಬಳಗವನ್ನು. ಎಚ್ಚರಿಕೆ ಏನೆಂದರೆ, ಗಡುವಿನೊಳಗೆ ಪೂರ್ತಿ ಮೊತ್ತ ಕೂಡದಿದ್ದರೆ ಹಾಕಿದವರಿಗೆ ಹಣ ವಾಪಸ್, ಆಕೆಗೆ ಏನೂ ಇಲ್ಲ. ಆದ್ದರಿಂದ ಅರ್ಜಿ ಹಾಕುವ ಮೊದಲೇ ಚರ್ಚಿನ ಗೆಳತಿಯರು, ಖಾಯಂ ಗಿರಾಕಿಗಳು, ಹಳೆಯ ಸಹಪಾಠಿಗಳನ್ನು ಒಪ್ಪಿಸಿ ಇಟ್ಟುಕೊಂಡಿರಬೇಕು. ನೀವೂ 25 ಡಾಲರ್ ಹಾಕಬಹುದು, ಅದು ದಾನವಲ್ಲ, ತಿರುಗಿ ಬರುವ ಹಣ.

ಎರಡನೆಯದಾದ ಗ್ರಾಮೀಣ್ ಅಮೆರಿಕ ನಮಗೆ ಹೆಚ್ಚು ಪರಿಚಿತವೆನಿಸುತ್ತದೆ. ಬಾಂಗ್ಲಾದೇಶದ ಮುಹಮ್ಮದ್ ಯೂನುಸ್ 2008ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಆರಂಭಿಸಿದ್ದು. ಕಡಿಮೆ ಆದಾಯದ ಮಹಿಳೆಯರು ಐದೈದು ಮಂದಿಯ ಗುಂಪು ಕಟ್ಟಿಕೊಂಡು ವಾರವಾರ ಸಭೆ ಸೇರಿ ಸಾಲ ಪಡೆದು ಕಂತು ಕಟ್ಟುತ್ತಾರೆ. ಅಡಮಾನ ಕೇಳುವುದಿಲ್ಲ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕಟ್ಟಿದ ಸಂಘಗಳನ್ನೂ, ಆಮೇಲೆ ಬಂದ ಸ್ತ್ರೀಶಕ್ತಿ ಗುಂಪುಗಳನ್ನೂ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ವ್ಯತ್ಯಾಸ ಒಂದಿದೆ: ನಮ್ಮ ಸಂಘಗಳು ಸದಸ್ಯರ ಉಳಿತಾಯದಿಂದ ಶುರುವಾದವು, ಅಲ್ಲಿ ಹಣ ಸಂಸ್ಥೆಯಿಂದ ಬರುತ್ತದೆ. ಮೊದಲ ಸಾಲ ಸಣ್ಣದು, ಎರಡು ಸಾವಿರ ಡಾಲರ್ ಆಸುಪಾಸು. ಇಷ್ಟಕ್ಕೆ ಯಾಕೆ ವಾರವಾರ ಅಲೆಯಬೇಕು ಎನಿಸಬಹುದು. ಕಟ್ಟಿದ ಕಂತುಗಳು ಕ್ರೆಡಿಟ್ ಬ್ಯೂರೋಗೆ ವರದಿಯಾಗಿ ಸ್ಕೋರ್ ಹುಟ್ಟುತ್ತದಲ್ಲ, ನಿಜವಾದ ಲಾಭ ಅದು. ಕಪ್ಪು ಮಹಿಳೆಯರಿಗಾಗಿಯೇ 2021ರಲ್ಲಿ ಎಲಿವೇಟ್ ಎಂಬ ಕಾರ್ಯಕ್ರಮವನ್ನೂ ಈ ಸಂಸ್ಥೆ ಆರಂಭಿಸಿತು. ನಗರದಲ್ಲಿ ಶಾಖೆ ಇದೆಯೇ ಎಂದು ಮೊದಲು ನೋಡಿಕೊಳ್ಳಿ.

ಹೇಳಬೇಕಾದ ಇನ್ನೊಂದು ಮಾತು. ಕೆರಿಬಿಯನ್ ಮತ್ತು ಪಶ್ಚಿಮ ಆಫ್ರಿಕಾ ಮೂಲದ ಕುಟುಂಬಗಳಲ್ಲಿ ಸುಸು ಎಂಬ ಪದ್ಧತಿಯಿದೆ. ತಿಂಗಳು ತಿಂಗಳು ಎಲ್ಲರೂ ಹಣ ಹಾಕುವುದು, ಸರದಿಯಲ್ಲಿ ಒಬ್ಬರು ಎತ್ತುವುದು. ಹೆಚ್ಚುಕಡಿಮೆ ನಮ್ಮ ಚೀಟಿಯೇ, ಹರಾಜು ಮಾತ್ರ ಇಲ್ಲ. ನಂಬಿಕೆಯ ಜನರಿದ್ದರೆ ಕೆಟ್ಟದ್ದೇನಲ್ಲ. ಆದರೆ ಅದರಿಂದ ಕ್ರೆಡಿಟ್ ಇತಿಹಾಸ ಬೆಳೆಯುವುದಿಲ್ಲ. ಅದೇ ಹೆಸರು ಹೇಳಿಕೊಂಡು ‘ನೂರು ಹಾಕಿ, ಎಂಟುನೂರು ಪಡೆಯಿರಿ’ ಎಂದು ವಾಟ್ಸಾಪಿನಲ್ಲಿ ಬರುವುದು ಪಿರಮಿಡ್ ಮೋಸ.

ಮೂರನೆಯದು ಎಸ್‌ಬಿಎ ಮೈಕ್ರೋಲೋನ್. ಗರಿಷ್ಠ 50,000 ಡಾಲರ್, ಸರಾಸರಿ 13,000ದ ಹತ್ತಿರ. ಎಸ್‌ಬಿಎ ನೇರವಾಗಿ ಕೊಡುವುದಿಲ್ಲ, ಊರಿನ ಲಾಭೋದ್ದೇಶವಿಲ್ಲದ ಸಂಸ್ಥೆಗಳ ಮೂಲಕ ಬರುತ್ತದೆ. ಬಡ್ಡಿ ಸಾಮಾನ್ಯವಾಗಿ ಶೇಕಡಾ 8ರಿಂದ 13. ಈ ಹಣದಿಂದ ಹಳೆಯ ಸಾಲ ತೀರಿಸುವಂತಿಲ್ಲ, ಜಾಗ ಕೊಳ್ಳುವಂತಿಲ್ಲ. ಯಂತ್ರ, ಸರಕು, ದುಡಿಯುವ ಬಂಡವಾಳಕ್ಕೆ ಸರಿ.

ನಾಲ್ಕನೆಯದು ಸಿಡಿಎಫ್‌ಐ, ಅಂದರೆ ಸಮುದಾಯ ಅಭಿವೃದ್ಧಿ ಹಣಕಾಸು ಸಂಸ್ಥೆಗಳು. 1994ರ ಕಾಯ್ದೆಯ ಪ್ರಕಾರ ಖಜಾನೆ ಇಲಾಖೆ ಇವಕ್ಕೆ ಮಾನ್ಯತೆ ಕೊಡುತ್ತದೆ, ದೇಶದಾದ್ಯಂತ ಸಾವಿರಕ್ಕೂ ಹೆಚ್ಚು ಇವೆ. ಆಕ್ಸಿಯಾನ್ ಆಪರ್ಚುನಿಟಿ ಫಂಡ್, ಲಿಫ್ಟ್‌ಫಂಡ್ ಇವುಗಳಲ್ಲಿ ದೊಡ್ಡವು, ಆಗಲೇ ಹೇಳಿದ ಎಸಿಇ ಕೂಡ ಇದೇ ಬಗೆಯದು. ಬ್ಯಾಂಕು ತಿರಸ್ಕರಿಸುವ ಅರ್ಜಿಯನ್ನು ಕೂತು ಓದುವ ತಾಳ್ಮೆ ಇವರಿಗಿದೆ. 2025ರ ಮಾರ್ಚಿನಲ್ಲಿ ಹೊರಟ ಅಧ್ಯಕ್ಷೀಯ ಆದೇಶ ಇವುಗಳ ಹಿಂದಿನ ಸಿಡಿಎಫ್‌ಐ ನಿಧಿಯನ್ನೂ, ಅಲ್ಪಸಂಖ್ಯಾತರ ಉದ್ಯಮಕ್ಕಾಗಿ 1969ರಿಂದ ಇದ್ದ ಎಂಬಿಡಿಎ ಸಂಸ್ಥೆಯನ್ನೂ ಕನಿಷ್ಠ ಮಟ್ಟಕ್ಕೆ ಇಳಿಸಲು ಹೇಳಿತು. ಹಳೆಯ ಪಟ್ಟಿ ನಂಬಿ ಹೊರಡುವ ಮೊದಲು ಒಂದು ಫೋನ್ ಮಾಡಿ.

ಕಪ್ಪು ಸಮುದಾಯದವರೇ ಕಟ್ಟಿದ ಬ್ಯಾಂಕುಗಳೂ ಇವೆ. ರಿಚ್ಮಂಡಿನಲ್ಲಿ ಮ್ಯಾಗಿ ಲೀನಾ ವಾಕರ್ 1903ರಲ್ಲೇ ಸೇಂಟ್ ಲ್ಯೂಕ್ ಪೆನ್ನಿ ಸೇವಿಂಗ್ಸ್ ಬ್ಯಾಂಕ್ ತೆರೆದರು, ಅಮೆರಿಕದಲ್ಲಿ ಬ್ಯಾಂಕಿಗೆ ಪರವಾನಗಿ ಪಡೆದ ಮೊದಲ ಮಹಿಳೆ ಆಕೆ. ಇಂದು ಅಟ್ಲಾಂಟಾದಲ್ಲಿ 1921ರ ಸಿಟಿಜನ್ಸ್ ಟ್ರಸ್ಟ್, ಬಾಸ್ಟನ್ನಿನಲ್ಲಿ ಒನ್‌ಯುನೈಟೆಡ್, ನ್ಯೂ ಆರ್ಲಿಯನ್ಸಿನಲ್ಲಿ ಲಿಬರ್ಟಿ ಇವೆ. ಖಾತೆ ತೆರೆದು ಸಂಬಂಧ ಬೆಳೆಸಿಕೊಳ್ಳಲು ಒಳ್ಳೆಯ ಜಾಗ. ಸಾಲದ ನಿಯಮಗಳೇನೂ ಅಲ್ಲಿ ಸಡಿಲವಾಗಿರುವುದಿಲ್ಲ.

ಈಗ ನಮ್ಮ ಉದಾಹರಣೆಗೆ ಲೆಕ್ಕ ಹಾಕೋಣ. ಸ್ವಂತದ್ದು 5,000, ಕೀವಾದಿಂದ 10,000, ಮೈಕ್ರೋಲೋನ್ 15,000. ಕೀವಾ ಕಂತು 36 ತಿಂಗಳಿಗೆ ತಿಂಗಳಿಗೆ 278 ಡಾಲರ್. ಮೈಕ್ರೋಲೋನ್ ಶೇಕಡಾ 10ರಂತೆ ಐದು ವರ್ಷಕ್ಕೆ ಪಡೆದರೆ ತಿಂಗಳಿಗೆ ಸುಮಾರು 319. ಒಟ್ಟು ಹತ್ತಿರ ಹತ್ತಿರ 600 ಡಾಲರ್. ಒಂದು ಡಬ್ಬಿಯಲ್ಲಿ ಎಲ್ಲ ಖರ್ಚು ಕಳೆದು 10 ಡಾಲರ್ ಉಳಿಯುವುದಾದರೆ ತಿಂಗಳಿನ ಮೊದಲ 60 ಡಬ್ಬಿ ಕಂತಿಗೇ ಹೋಯಿತು. ಈಗ ತಿಂಗಳಿಗೆ 40 ಡಬ್ಬಿ ಮಾರುತ್ತಿದ್ದರೆ ಅಷ್ಟು ಸಾಲ ಈಗಲೇ ಬೇಡ, ಕೀವಾ ಒಂದೇ ಸಾಕು.

ನಾಲ್ಕನೆಯ ಹೆಜ್ಜೆ: ಬದಲಾದ ಕಾನೂನನ್ನು ತಿಳಿದುಕೊಳ್ಳಿ

ಅಟ್ಲಾಂಟಾದ ಫಿಯರ್‌ಲೆಸ್ ಫಂಡ್ 2019ರಲ್ಲಿ ಕಪ್ಪು ಮಹಿಳೆಯರು ಕಟ್ಟಿದ ಹೂಡಿಕೆ ಸಂಸ್ಥೆ. ಕಪ್ಪು ಮಹಿಳಾ ಉದ್ಯಮಿಗಳಿಗೆ ಸ್ಪರ್ಧೆ ನಡೆಸಿ 20,000 ಡಾಲರ್ ಅನುದಾನ ಕೊಡುತ್ತಿತ್ತು. 2023ರ ಆಗಸ್ಟಿನಲ್ಲಿ ಜನಾಂಗ ನೋಡಿ ಕೊಡುವ ಸವಲತ್ತುಗಳ ವಿರುದ್ಧ ಹೋರಾಡುವ ಎಡ್ವರ್ಡ್ ಬ್ಲಮ್ ಅವರ ಸಂಘಟನೆ ಇದರ ಮೇಲೆ ಮೊಕದ್ದಮೆ ಹೂಡಿತು. ಅನುದಾನ ಒಂದು ಬಗೆಯ ಒಪ್ಪಂದ, ಒಪ್ಪಂದದಲ್ಲಿ ಜನಾಂಗ ನೋಡುವಂತಿಲ್ಲ ಎಂಬುದು ವಾದ. 2024ರ ಜೂನಿನಲ್ಲಿ ಮೇಲ್ಮನವಿ ನ್ಯಾಯಾಲಯ ಸ್ಪರ್ಧೆಯನ್ನು ತಡೆಯಿತು, ಸೆಪ್ಟೆಂಬರಿನಲ್ಲಿ ರಾಜಿಯಾಗಿ ಅದು ಮುಚ್ಚಿತು. ಬಳಸಿದ ಕಾನೂನು ಯಾವುದು ಗೊತ್ತೇ? ಗುಲಾಮಗಿರಿಯಿಂದ ಆಗ ತಾನೇ ಬಿಡುಗಡೆಯಾದವರ ರಕ್ಷಣೆಗೆಂದು 1866ರಲ್ಲಿ ಬಂದ ನಾಗರಿಕ ಹಕ್ಕುಗಳ ಕಾಯ್ದೆ.

ಇದರ ನಂತರ ಎಷ್ಟೋ ಸಂಸ್ಥೆಗಳು ‘ಕಪ್ಪು ಮಹಿಳೆಯರಿಗೆ ಮಾತ್ರ’ ಎಂಬ ಷರತ್ತನ್ನು ಕೈಬಿಟ್ಟು ‘ಅವಕಾಶ ಸಿಗದ ಉದ್ಯಮಿಗಳಿಗೆ’ ಎಂದು ಬರೆಯತೊಡಗಿದವು. ಹಾಗಾಗಿ ಹುಡುಕುವಾಗ ಜನಾಂಗದ ಪದವೊಂದನ್ನೇ ಹಾಕಿದರೆ ಬಹಳಷ್ಟು ಕಣ್ತಪ್ಪಿ ಹೋಗುತ್ತವೆ. ಮಹಿಳೆಯರು, ಕಡಿಮೆ ಆದಾಯದ ಬಡಾವಣೆ, ಮೊದಲ ಪೀಳಿಗೆಯ ಉದ್ಯಮಿ, ಊರು, ಕಸುಬು ಎಂದೆಲ್ಲ ಹಾಕಿ ಹುಡುಕಿ.

ಸರ್ಕಾರಿ ಗುತ್ತಿಗೆಯ ವಿಷಯದಲ್ಲೂ ಹೀಗೇ. ಹಿಂದುಳಿದವರ ಸಣ್ಣ ಉದ್ಯಮಗಳಿಗೆ ಗುತ್ತಿಗೆ ಸಿಗಲು ನೆರವಾಗುವ 8(ಎ) ಎಂಬ ಯೋಜನೆಯಲ್ಲಿ ಕಪ್ಪು ಜನರನ್ನು ತಾನಾಗಿಯೇ ಹಿಂದುಳಿದವರೆಂದು ಪರಿಗಣಿಸುತ್ತಿದ್ದರು. 2023ರ ಜುಲೈನಲ್ಲಿ ಟೆನೆಸ್ಸಿಯ ಫೆಡರಲ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹಾಗಾಗಿ ನಾನು ಮೊದಲು ತೋರಿಸುವುದು ಡಬ್ಲ್ಯುಒಎಸ್‌ಬಿ ಪ್ರಮಾಣಪತ್ರವನ್ನು, ಅಂದರೆ ಮಹಿಳಾ ಮಾಲೀಕತ್ವದ ಸಣ್ಣ ಉದ್ಯಮ ಎಂಬ ಮಾನ್ಯತೆ. ಉದ್ಯಮದ ಶೇಕಡಾ 51 ಅಮೆರಿಕನ್ ಪೌರತ್ವದ ಮಹಿಳೆಯರ ಒಡೆತನದಲ್ಲಿ, ಹಿಡಿತದಲ್ಲಿ ಇರಬೇಕು. ಫೆಡರಲ್ ಗುತ್ತಿಗೆಗಳ ಹಣದಲ್ಲಿ ಶೇಕಡಾ 5 ಇಂಥ ಉದ್ಯಮಗಳಿಗೆ ಹೋಗಬೇಕೆಂಬುದು ಗುರಿ. ಎಸ್‌ಬಿಎ ಮೂಲಕ ಪಡೆದರೆ ಖರ್ಚಿಲ್ಲ. ಗುತ್ತಿಗೆದಾರರಿಗಾಗಿ ಸರ್ಕಾರ ನಡೆಸುವ ಸ್ಯಾಮ್ ಡಾಟ್ ಗವ್‌ನಲ್ಲಿ ನೋಂದಣಿಯೂ ಪುಕ್ಕಟೆ. ಕ್ರೀಮು ಮಾರುವವರಿಗೆ ಇದು ಅಷ್ಟಾಗಿ ಬೇಕಾಗದು. ಊಟ ಪೂರೈಕೆ, ಸ್ವಚ್ಛತೆ, ತರಬೇತಿ, ಸಾಫ್ಟ್‌ವೇರ್ ಕೆಲಸದವರಿಗೆ ದೊಡ್ಡ ಗಿರಾಕಿ ಸಿಕ್ಕಂತೆ.

ಐದನೆಯ ಹೆಜ್ಜೆ: ಈಗ ಅನುದಾನ, ಸ್ಪರ್ಧೆ

ಆಂಬರ್ ಗ್ರಾಂಟ್ 1998ರಿಂದ ಇದೆ. ಹತ್ತೊಂಬತ್ತನೇ ವಯಸ್ಸಿಗೆ ತೀರಿಕೊಂಡ, ಉದ್ಯಮದ ಕನಸಿದ್ದ ಹುಡುಗಿಯ ನೆನಪಿನದು. ಎಲ್ಲ ಮಹಿಳೆಯರೂ ಹಾಕಬಹುದು, ತಿಂಗಳಿಗೊಮ್ಮೆ 10,000 ಡಾಲರ್ ಕೊಡುತ್ತಾರೆ, ಅರ್ಜಿಗೆ 15 ಡಾಲರ್ ಶುಲ್ಕ. ಬ್ಲ್ಯಾಕ್ ಗರ್ಲ್ ವೆಂಚರ್ಸ್ 2016ರಲ್ಲಿ ವಾಷಿಂಗ್ಟನ್ನಿನಲ್ಲಿ ಹುಟ್ಟಿದ್ದು. ವೇದಿಕೆಯಲ್ಲಿ ಮಹಿಳೆಯರು ತಮ್ಮ ಉದ್ಯಮದ ಬಗ್ಗೆ ಮಾತಾಡುತ್ತಾರೆ, ಸಭಿಕರು ದುಡ್ಡು ಹಾಕಿ ಮತ ಕೊಡುತ್ತಾರೆ. ಗೋಲ್ಡ್‌ಮನ್ ಸ್ಯಾಕ್ಸ್ 2021ರಲ್ಲಿ ಹತ್ತು ಬಿಲಿಯನ್ ಡಾಲರ್ ಹೂಡಿಕೆಯ ವಾಗ್ದಾನದೊಂದಿಗೆ ‘ಒನ್ ಮಿಲಿಯನ್ ಬ್ಲ್ಯಾಕ್ ವಿಮೆನ್’ ಶುರು ಮಾಡಿತು. ಒಬ್ಬಂಟಿ ಉದ್ಯಮಿಗೆ ಅದರಿಂದ ಸಿಕ್ಕಿದ್ದು ಮುಖ್ಯವಾಗಿ ತರಬೇತಿ. ಷರತ್ತುಗಳು ಬದಲಾಗುತ್ತಿರುತ್ತವೆ, ಆಯಾ ವರ್ಷದ್ದನ್ನು ನೋಡಿ.

ಅರ್ಜಿಗೆ ಹಿಡಿಯುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತನ್ನ ಕಥೆ, ಉದ್ಯಮದ ವಿವರ, ಹಣದ ವಿಂಗಡಣೆ ಈ ಮೂರನ್ನು ಒಮ್ಮೆ ಚೆನ್ನಾಗಿ ಬರೆದಿಟ್ಟುಕೊಂಡರೆ ಪ್ರತಿ ಅರ್ಜಿಗೂ ಅದನ್ನೇ ತಿದ್ದಿ ಬಳಸಬಹುದು. ಮತ್ತೊಂದು, ಉದ್ಯಮಕ್ಕೆ ಬಂದ ಅನುದಾನಕ್ಕೂ ಸಾಮಾನ್ಯವಾಗಿ ತೆರಿಗೆ ಇದೆ. ಹತ್ತು ಸಾವಿರ ಬಂತೆಂದು ಹತ್ತನ್ನೂ ಖರ್ಚು ಮಾಡಿಬಿಟ್ಟರೆ ತೆರಿಗೆ ಕಟ್ಟುವ ಏಪ್ರಿಲ್‌ನಲ್ಲಿ ಕಷ್ಟ.

ವೆಂಚರ್ ಕ್ಯಾಪಿಟಲ್, ಅಂದರೆ ಉದ್ಯಮದಲ್ಲಿ ಪಾಲು ಪಡೆದು ಹಣ ಹೂಡುವವರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿನ ಹಣದಲ್ಲಿ ಕಪ್ಪು ಮಹಿಳೆಯರಿಗೆ ಸಿಗುವುದು ಶೇಕಡಾ ಒಂದಕ್ಕಿಂತ ಕಡಿಮೆ, ಹೆಚ್ಚಿನ ಸಣ್ಣ ಉದ್ಯಮಗಳಿಗೆ ಅದು ಬೇಕಾಗಿಯೂ ಇಲ್ಲ. ಡೆಟ್ರಾಯಿಟಿನ ಮೆಲಿಸ್ಸಾ ಬಟ್ಲರ್ ತಮ್ಮ ಲಿಪ್ ಬಾರ್ ಲಿಪ್‌ಸ್ಟಿಕ್ಕನ್ನು 2015ರಲ್ಲಿ ಹೂಡಿಕೆದಾರರ ಮುಂದೆ ಹಣ ಕೇಳುವ ಶಾರ್ಕ್ ಟ್ಯಾಂಕ್ ಎಂಬ ಟಿವಿ ಕಾರ್ಯಕ್ರಮಕ್ಕೆ ಒಯ್ದರು. ಯಾರೂ ಹಣ ಹಾಕಲಿಲ್ಲ. 2018ರ ಹೊತ್ತಿಗೆ ಅದು ಟಾರ್ಗೆಟ್ ಅಂಗಡಿಗಳ ಕಪಾಟಿನಲ್ಲಿತ್ತು.

ದೂರವಿಡಬೇಕಾದ ಹಣ

ಮರ್ಚೆಂಟ್ ಕ್ಯಾಶ್ ಅಡ್ವಾನ್ಸ್ ಎಂಬುದು ಮುಂದಿನ ಮಾರಾಟದ ಮೇಲೆ ಕೊಡುವ ಮುಂಗಡ, ಒಂದೇ ದಿನದಲ್ಲಿ ಖಾತೆಗೆ ಬೀಳುತ್ತದೆ. ಬಡ್ಡಿ ಎಂಬ ಮಾತೇ ಇರುವುದಿಲ್ಲ, ‘ಫ್ಯಾಕ್ಟರ್ 1.4’ ಎಂದಿರುತ್ತದೆ. 20,000 ತೆಗೆದುಕೊಂಡರೆ 28,000 ವಾಪಸ್, ಅದೂ ದಿನದಿನವೂ ಖಾತೆಯಿಂದ ಕಡಿತ. ಆರು ತಿಂಗಳಲ್ಲಿ ತೀರಿದರೆ ವಾರ್ಷಿಕ ಬಡ್ಡಿ ಶೇಕಡಾ ನೂರನ್ನೂ ದಾಟುತ್ತದೆ. ಒಂದನ್ನು ತೀರಿಸಲು ಇನ್ನೊಂದು ಎತ್ತಿದವರ ವ್ಯಾಪಾರ ಉಳಿಯುವುದು ಕಷ್ಟ.

‘ನಿಮಗೆ ಸರ್ಕಾರಿ ಅನುದಾನ ಮಂಜೂರಾಗಿದೆ, ಸಂಸ್ಕರಣಾ ಶುಲ್ಕ ಕಟ್ಟಿ’ ಎಂದು ಫೋನ್ ಬಂದರೆ ಅಲ್ಲಿಗೇ ಇಟ್ಟುಬಿಡಿ. ಸರ್ಕಾರ ಹಾಗೆ ಫೋನ್ ಮಾಡುವುದಿಲ್ಲ. ಇಂಥ ಕರೆ ಬಂದರೆ ಗ್ರಾಹಕರ ಮೇಲಿನ ಮೋಸಗಳನ್ನು ನೋಡಿಕೊಳ್ಳುವ ಫೆಡರಲ್ ಟ್ರೇಡ್ ಕಮಿಷನ್ನಿಗೆ ಆನ್‌ಲೈನಿನಲ್ಲೇ ದೂರು ಕೊಡಬಹುದು.

ಇಲ್ಲ ಎಂದರೆ

ಅರ್ಜಿ ತಿರಸ್ಕಾರವಾದರೆ ಸುಮ್ಮನೆ ಎದ್ದು ಬರಬಾರದು. 1974ರ ಸಮಾನ ಸಾಲ ಅವಕಾಶ ಕಾಯ್ದೆಯ ಪ್ರಕಾರ ಪೂರ್ತಿ ಅರ್ಜಿಗೆ ಸಾಲದಾತರು 30 ದಿನದೊಳಗೆ ಉತ್ತರ ಕೊಡಬೇಕು. ನಿರಾಕರಿಸಿದ್ದರೆ ಕಾರಣ ಹೇಳಬೇಕು, ಇಲ್ಲವೇ ಕಾರಣ ಕೇಳುವ ಹಕ್ಕಿದೆಯೆಂದು ತಿಳಿಸಬೇಕು. ಕೇಳಲು 60 ದಿನ ಅವಕಾಶ. ಬರವಣಿಗೆಯಲ್ಲೇ ಕೇಳಿ. ಕಾರಣ ‘ಆದಾಯ ಸಾಲದು’ ಎಂದಿದ್ದರೆ ತೆರಿಗೆ ಪತ್ರ ನೋಡಬೇಕು, ‘ಕ್ರೆಡಿಟ್ ಇತಿಹಾಸ ಚಿಕ್ಕದು’ ಎಂದಿದ್ದರೆ ಗ್ರಾಮೀಣ್ ಅಮೆರಿಕದಂಥ ಸಣ್ಣ ಸಾಲದಿಂದ ಆರಂಭಿಸಬೇಕು. ‘ಅಡಮಾನವಿಲ್ಲ’ ಎಂದಿದ್ದರೆ ಆ ಬ್ಯಾಂಕು ಬಿಟ್ಟು ಸಿಡಿಎಫ್‌ಐಗೆ ಹೋಗಬೇಕು. ಕಾರಣ ಅಸ್ಪಷ್ಟವಾಗಿದ್ದು ಪಕ್ಷಪಾತದ ಅನುಮಾನ ಬಂದರೆ ಗ್ರಾಹಕ ಹಣಕಾಸು ರಕ್ಷಣಾ ಬ್ಯೂರೋಗೆ ಆ ಪತ್ರವನ್ನೇ ಲಗತ್ತಿಸಿ ದೂರು ಸಲ್ಲಿಸಬಹುದು.